ಮೆಣಸಿನಕಾಯಿಯ ಕೆಂಪು ಅಳೆದ ಪೆಟ್ಟಿಗೆ

ಮೊನ್ನೆ ಹಾವೇರಿಯಲ್ಲಿ ರಕ್ತ ತಪಾಸಣೆಗೆಂದು ಒಂದು ಲ್ಯಾಬಿಗೆ ಹೋಗಿದ್ದೆ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ಲ್ಯಾಬು. ನನ್ನ ವಯಸ್ಸಿಗೆ ಸಕ್ಕರೆ ಕಾಯಿಲೆ ಇಲ್ಲದವರು ಯಾರಿದ್ದಾರೆ ಹೇಳಿ. ರಕ್ತ ಕೊಟ್ಟು, ಹತ್ತಿ ಒತ್ತಿಕೊಂಡು ಕೂತಿದ್ದೆ. ಒಳಕೋಣೆಯ ಗಾಜಿನ ಬಾಗಿಲು ತೆರೆಯಿತು. ತಣ್ಣನೆಯ ಗಾಳಿ ಬಂತು. ಸ್ಪಿರಿಟ್ಟು, ಬಿಸಿಯಾದ ವೈರು, ಮುಚ್ಚಿಟ್ಟ ಕೋಣೆಯ ತಂಪು, ಮೂರೂ ಬೆರೆತ ಒಂದು ವಾಸನೆ. ನಾನು ಎದ್ದು ಆ ಬಾಗಿಲಿನ ಬಳಿ ಹೋಗಿ, ಯಾರೂ ಹೇಳದೆ, ಚಪ್ಪಲಿ ಬಿಟ್ಟು ನಿಂತೆ.

ಒಳಗಿದ್ದ ಹುಡುಗಿ ನಕ್ಕಳು. "ಅಜ್ಜಾರ, ಚಪ್ಪಲಿ ಯಾಕ ಬಿಟ್ರಿ? ಇದೇನ ಗುಡಿ ಅಲ್ರಿ. ಹಾಕ್ಕೋರಿ, ನೆಲಾ ತಣ್ಣಗೈತಿ."

ನಾಚಿಕೆಯಾಯಿತು. ನಲವತ್ತರ ಹತ್ತಿರ ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲನೆಯವನು, ಡಿಗ್ರಿ ತಗೊಂಡ ಮೊದಲನೆಯವನು, ಆಮೇಲೆ ಹೆಸರಿನ ಮುಂದೆ ಡಾಕ್ಟರ್ ಅಂತ ಹಚ್ಚಿಕೊಂಡವನೂ ನಾನೇ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ, ಮುಚ್ಚಿಡುವುದಿಲ್ಲ. ಅಂಥವನು ಒಂದು ಯಂತ್ರದ ಕೋಣೆಯ ಮುಂದೆ ಚಪ್ಪಲಿ ಬಿಟ್ಟು ನಿಂತರೆ ಜನ ನಗದೆ ಇನ್ನೇನು ಮಾಡುತ್ತಾರೆ? ಆದರೆ ಚಪ್ಪಲಿ ಬಿಟ್ಟದ್ದು ನಾನಲ್ಲ, ನನ್ನ ಕಾಲು. ಕಾಲಿಗೆ ಆ ರೂಢಿ ಬಿದ್ದದ್ದು ರಾಣೆಬೆನ್ನೂರಿನಲ್ಲಿ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ. ಬೀಳಿಸಿದವರು ನದಾಫ್ ಸರ್.

ನದಾಫ್ ಸರ್ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು. ಬ್ಯಾಡಗಿಯವರು. ಅವರ ಅಪ್ಪ, ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಅಣ್ಣ ಆಗಲೂ ಅದೇ ಅಂಗಡಿ ನಡೆಸುತ್ತಿದ್ದ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ಮೂರೂ. ಅವರೂ ನನ್ನ ಹಾಗೆ ಮನೆಗೆ ಮೊದಲ ಪದವೀಧರರು. ಐರಣಿ ಕಡೆಯ ಹಳ್ಳಿಯಿಂದ ಬಂದ ನನ್ನನ್ನು ಅವರು ಕೆಲಸಕ್ಕೆ ತಗೊಂಡದ್ದು ಅದಕ್ಕೇ ಇರಬೇಕು ಎಂದು ನನ್ನ ಅನುಮಾನ. ಅವರು ಮಾತ್ರ ಒಪ್ಪುತ್ತಿರಲಿಲ್ಲ. "ನಿನ್ನ ಅಕ್ಷರ ಚೊಲೋ ಇತ್ತು, ಅದಕ್ಕ ತಗೊಂಡೇನಿ" ಎನ್ನುತ್ತಿದ್ದರು.

ಅವರಿಗೆ ಒಂದೇ ಒಂದು ಹುಚ್ಚು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ. ನಿಮಗೆ ಗೊತ್ತೇ ಇದೆ, ಈ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಕೆಂಪಿಗೆ. ಪೇಟೆಯಲ್ಲಿ ಖರೀದಿದಾರರು ಒಂದು ಕಾಯಿ ಮುರಿದು ಅಂಗೈಯಲ್ಲಿ ತಿಕ್ಕಿ ನೋಡುತ್ತಾರೆ. ಅಂಗೈ ಹೇಳಿದ್ದೇ ದರ. ಸುಗ್ಗಿಯಲ್ಲಿ ರಕ್ತದ ಹಾಗಿದ್ದ ಕಾಯಿ ಚೀಲದೊಳಗೆ ಕೂತು ಮಳೆಗಾಲದ ಹೊತ್ತಿಗೆ ಮಂಕಾಗುತ್ತದೆ. ಯಾಕೆ ಆಗುತ್ತದೆ, ಎಷ್ಟು ಆಗುತ್ತದೆ, ಹೇಗೆ ಒಣಗಿಸಿದರೆ ಕಡಿಮೆ ಆಗುತ್ತದೆ? ಸರ್‌ಗೆ ಬೇಕಾದದ್ದು ಈ ಮೂರು ಪ್ರಶ್ನೆಗೆ ಉತ್ತರ. ಅಂಗೈಗೆ "ಎಷ್ಟು" ಎನ್ನುವುದನ್ನು ಹೇಳಲು ಬರುವುದಿಲ್ಲ. ಅದಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಬೇಕು.

ಹೆಸರಿಗೆ ಹೆದರಬೇಡಿ, ಅದು ಮಾಡುವ ಕೆಲಸ ಸರಳ. ಕಾಯಿಯ ಬಣ್ಣವನ್ನು ಅಸಿಟೋನಿನಲ್ಲಿ ಕರಗಿಸಿ, ಸಣ್ಣ ಚೌಕ ಗಾಜಿನ ನಳಿಕೆಯಲ್ಲಿ ತುಂಬಿ, ಪೆಟ್ಟಿಗೆಯೊಳಗೆ ಇಟ್ಟರೆ ಯಂತ್ರ ಅದರ ಮೂಲಕ ಬೆಳಕು ಹಾಯಿಸುತ್ತದೆ. ಬಣ್ಣ ಎಷ್ಟು ಬೆಳಕು ನುಂಗಿತು ಎನ್ನುವುದು ಅಂಕಿಯಾಗಿ ಬರುತ್ತದೆ. ಅದಕ್ಕೂ ಮೊದಲು ಬರೀ ಅಸಿಟೋನ್ ಇಟ್ಟು ಅಂಕಿ ಸೊನ್ನೆ ಬರುವಂತೆ ನೋಡಿಕೊಳ್ಳಬೇಕು. ಅದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಖಾಲಿಯದು ಸೊನ್ನೆ ತೋರಿಸದಿದ್ದರೆ ಮುಂದಿನ ಲೆಕ್ಕವೆಲ್ಲ ಸುಳ್ಳು. ಕೆಲಸ ಇಷ್ಟೇ ಆದರೂ ಬೆಲೆ ಮಾತ್ರ ನಮ್ಮ ವಿಭಾಗದವರೆಲ್ಲರ ಸಂಬಳ ಕೂಡಿಸಿದರೂ ಮುಟ್ಟದಷ್ಟು. ಅದನ್ನು ಕೊಡಿಸುವವರು ದಿಲ್ಲಿಯವರು, ಕಾಲೇಜುಗಳಿಗೆ ಸರ್ಕಾರ ಕೊಡುವ ಅನುದಾನದಿಂದ.

ಊರಿಗೆ ಹೋದಾಗ ಅವ್ವನಿಗೆ ಇದನ್ನು ಬಿಡಿಸಿ ಹೇಳಿದೆ. ಒಲೆಯ ಮುಂದೆ ಕೂತಿದ್ದವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಮೆಣಸಿನಕಾಯಿ ಕೆಂಪಗೈತೋ ಇಲ್ಲೋ ನೋಡಾಕ ಮಷೀನ ಬೇಕಾತೇನ? ದಿಲ್ಲ್ಯಾಗಿನ ಮಂದಿಗೆ ಕಣ್ಣಿಲ್ಲೇನು?"

ದಿಲ್ಲಿಯವರಿಗೂ ಹೆಚ್ಚು ಕಡಿಮೆ ಇದೇ ಸಂಶಯ ಇತ್ತು. ನಮ್ಮ ಅರ್ಜಿ ಎರಡು ಸಲ ಹಿಂದೆ ಬಂತು. ಇಂಥ ಯಂತ್ರ ಇರಬೇಕಾದದ್ದು ವಿಶ್ವವಿದ್ಯಾಲಯದಲ್ಲಿ, ತಾಲೂಕು ಊರಿನ ಕಾಲೇಜಿನಲ್ಲಿ ಅದು ಧೂಳು ತಿಂದುಕೊಂಡು ಕೂಡುತ್ತದೆ ಎಂಬುದು ಅವರ ವಾದ. ಆಗ ಹಾವೇರಿ ಇನ್ನೂ ಜಿಲ್ಲೆ ಆಗಿರಲಿಲ್ಲ, ಎಲ್ಲದಕ್ಕೂ ಧಾರವಾಡಕ್ಕೆ ಓಡುವ ಕಾಲ. ಸರ್ ಅಲ್ಲಿಗೂ ಓಡಿದರು. ಮೂರನೆಯ ಸಲ ಒಪ್ಪಿಗೆ ಬಂತು. ಹಣ ಯಂತ್ರಕ್ಕೆ ಮಾತ್ರ. ಕೋಣೆ, ತಂಪು ಯಂತ್ರ, ವೋಲ್ಟೇಜ್ ಸರಿ ಇಡುವ ಸ್ಟೆಬಿಲೈಜರು ಎಲ್ಲ ಕಾಲೇಜೇ ಮಾಡಿಕೊಳ್ಳಬೇಕು. ಆರ್ಥಿಕ ವರ್ಷ ಮುಗಿಯುವುದರೊಳಗೆ ಯಂತ್ರ ಓಡುತ್ತಿರಬೇಕು.

ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಬ್ಯಾಡಗಿಯ ದೊಡ್ಡ ಮೆಣಸಿನಕಾಯಿ ದಲಾಲರು, ನಮಗೆಲ್ಲ ಸಾವ್ಕಾರರು. ಕೆಟ್ಟವರಲ್ಲ. ಕೋಣೆ ಕಟ್ಟಿಸಿದರು, ತಂಪು ಯಂತ್ರ ಕೂಡಿಸಿದರು. ಮುಂಬೈಯಿಂದ ಲಾರಿಯಲ್ಲಿ ದೊಡ್ಡ ಕಟ್ಟಿಗೆಯ ಪೆಟ್ಟಿಗೆ ಬಂದಿಳಿದಾಗ ತಾವೇ ಮುಂದೆ ನಿಂತು ಹುಷಾರಾಗಿ ಒಳಗೆ ಇಡಿಸಿದರು. ಇಡಿಸಿ ಒಂದು ಮಾತು ಹೇಳಿದರು: "ಮಂತ್ರಿಗಳ ಕೈಲೆ ಉದ್ಘಾಟನಾ ಆಗೂತನಾ ಯಾರೂ ಬಿಚ್ಚಬಾರದು."

ಮಂತ್ರಿಗಳು ಮೊದಲು ದೀಪಾವಳಿ ಆದ ಮೇಲೆ ಎಂದರು. ಆಮೇಲೆ ಅಧಿವೇಶನ ಬಂತು. ಆಮೇಲೆ ಯಾರದೋ ಉಪಚುನಾವಣೆ. ಪೆಟ್ಟಿಗೆ ಕೂತೇ ಇತ್ತು. ಆದರೆ ತಂಪು ಯಂತ್ರ ಮಾತ್ರ ಓಡುತ್ತಿತ್ತು, ಒಳಗಿನ ಸಾಮಾನಿಗೆ ಸೆಕೆ ತಾಗಬಾರದಲ್ಲ. ಇಡೀ ಊರಿನ ಕಾಲೇಜುಗಳಲ್ಲಿ ತಣ್ಣಗಿದ್ದ ಕೋಣೆ ಅದೊಂದೇ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ನೀವೇ ಊಹಿಸಿ. ಮೊದಲು ಮಂಡಳಿಯ ಸಭೆ ಅಲ್ಲಿಗೆ ಬಂತು. ಪ್ರಾಚಾರ್ಯರ ಕುರ್ಚಿ ಬಂತು. ಪೆಟ್ಟಿಗೆಯ ಮೇಲೆ ಕಸೂತಿಯ ಬಟ್ಟೆ ಹಾಸಿದರು, ಅದರ ಮೇಲೆ ಚಹಾದ ಕಪ್ಪುಗಳು ಬಂದವು, ಮಿರ್ಚಿ ಭಜಿ ಬಂತು. ಸಾವ್ಕಾರರ ಅಳಿಯ ಊಟ ಮಾಡಿ ಬಂದು ಒಂದು ಜೋಂಪು ನಿದ್ದೆಯನ್ನೂ ತೆಗೆಯುತ್ತಿದ್ದ. ನದಾಫ್ ಸರ್‌ಗೆ ಏನೂ ಮಾಡಲಾಗಲಿಲ್ಲ, ಬಾಗಿಲಿಗೆ "ಚಪ್ಪಲಿ ಹೊರಗೆ ಬಿಡಿ" ಎಂದು ಬರೆದು ಅಂಟಿಸಿದರು. ಧೂಳು ಬೇಡವೆಂದು ಅವರು ಬರೆದದ್ದು. ಜನ ಚಪ್ಪಲಿ ಬಿಟ್ಟ ಮೇಲೆ ಕೈ ಮುಗಿಯುವುದನ್ನೂ ಸೇರಿಸಿಕೊಂಡರು. ಭಜಿ ತಿನ್ನುವ ಮೊದಲು ಪೆಟ್ಟಿಗೆಗೆ ಒಂದು ನಮಸ್ಕಾರ.

ಮಾಘದ ಚಳಿ ಇಳಿಯುವ ಹೊತ್ತಿಗೆ ದಿಲ್ಲಿಯಿಂದ ಪತ್ರ ಬಂತು. ಒಬ್ಬ ಅಧಿಕಾರಿ ಬಂದು ಯಂತ್ರ ನಡೆಯುವುದನ್ನು ನೋಡುತ್ತಾರೆ, ನಡೆಯದಿದ್ದರೆ ಅದನ್ನು ಬೇಕೆಂದು ಕೇಳಿದ ವಿಶ್ವವಿದ್ಯಾಲಯಕ್ಕೆ ಸಾಗಿಸಲಾಗುವುದು. ಸರ್ ಪತ್ರ ಓದಿ ನನ್ನ ಕೈಗೆ ಕೊಟ್ಟರು. ಅವರ ನಿವೃತ್ತಿ ಹತ್ತಿರ ಬಂದಿತ್ತು. ಆ ಪೆಟ್ಟಿಗೆ ಹೋದರೆ ಅವರಿಗೆ ಇನ್ನೊಂದು ಬರುವುದಿಲ್ಲ. ನನ್ನ ಪಿಎಚ್.ಡಿ.ಯೂ ಅದರೊಳಗೇ ಇತ್ತು, ಕಟ್ಟಿಗೆಯ ಹೊಟ್ಟಿನ ನಡುವೆ.

ಆ ಸಂಜೆ ಇಬ್ಬರೂ ಬ್ಯಾಡಗಿಗೆ, ಸಾವ್ಕಾರರ ಮನೆಗೆ ಹೋದೆವು. ಕಾಯಿಯ ಘಾಟಿಗೆ ನಾನು ಸೀನುತ್ತಾ ಪಡಸಾಲೆಯಲ್ಲಿ ಕೂತೆ. ಬ್ಯಾಡಗಿಯಲ್ಲಿ ಹುಟ್ಟಿದವರು ಸೀನುವುದಿಲ್ಲ, ಹೊರಗಿನವರನ್ನು ಅದರಿಂದಲೇ ಗುರುತು ಹಿಡಿಯುತ್ತಾರೆ.

"ನದಾಫ ಮಾಸ್ತರ, ನಾ ಮಂತ್ರಿಗಳಿಗೆ ಬಾಯಿಮಾತು ಕೊಟ್ಟೇನಿ" ಎಂದರು ಸಾವ್ಕಾರರು. "ಅವರಕಿಂತ ಮೊದಲ ನಾವ ಬಿಚ್ಚಿದ್ರ ಅವರ ಮಾರಿಗೆ ಹೊಡದಂಗ ಆಗತೈತಿ."

"ಖರೇ ಐತ್ರಿ ಸಾವ್ಕಾರ್ರ" ಎಂದರು ಸರ್. ಆಮೇಲೆ ಕೇಳಿದರು: "ನಿಮ್ಮ ಮಗಳ ಲಗ್ನದಾಗ ಒಮ್ಮಿಗೇ ಅಕ್ಕಿಕಾಳ ಹಾಕಿದ್ರೇನ್ರಿ?"

"ಹಂಗಂದ್ರ?"

"ಮೊದಲ ಅವರು ಬಂದು ಹುಡಿಗೀನ ನೋಡಿದ್ರ ಇಲ್ಲೋ?"

"ನೋಡದ ಯಾಂವ ಮಾಡ್ಕೊತಾನ?"

"ಹೌದಲ್ರಿ. ಲಗ್ನಾ ಮಂತ್ರಿಗಳು ಬಂದಾಗ ಜೋರ ಮಾಡೂಣು. ಈಗ ದಿಲ್ಲಿಯವರು ಬರಾಕತ್ತಾರ. ಅವರ ಬರೂದು ಹೆಣ್ಣ ನೋಡಾಕ. ಹೆಣ್ಣ ಪೆಟಿಗ್ಯಾಗ ಇಟ್ಟು ತೋರಸಾಕ ಬರತೈತೇನ್ರಿ?"

ಸಾವ್ಕಾರರು ಹೊಟ್ಟೆ ಅಲುಗುವಂತೆ ನಕ್ಕರು. ಒಳಗಿನಿಂದ ಅವರ ತಾಯಿಯ ದನಿ ಬಂತು: "ಮಾಸ್ತರ ಹೇಳೂದು ಬರೋಬ್ಬರಿ ಐತಿ ನೋಡಪಾ. ಆದ್ರ ಹೆಣ್ಣಿಗೆ ಅರಿಷಿಣ ಕುಂಕುಮ ಹಚ್ಚದ ತೋರಸೂದಿಲ್ಲ. ನಾ ಬರ್ತೇನಿ."

ಮುಂಬೈಯಿಂದ ಕಂಪನಿಯ ಎಂಜಿನಿಯರ್ ಬಂದ. ಕಸೂತಿಯ ಬಟ್ಟೆ ತೆಗೆದು, ಎಣ್ಣೆಯ ಕಲೆ ಬಿದ್ದ ಪೆಟ್ಟಿಗೆಯನ್ನು ಬಿಚ್ಚಿದ. ಯಂತ್ರ ಸರಿಯಾಗಿತ್ತು. ಜೋಡಿಸಿ, ಸೊನ್ನೆ ತೋರಿಸಿ, ನಮಗೆ ಕಲಿಸಿ ಸಂಜೆಯ ಗಾಡಿಗೆ ಹೋದ. ಮರುದಿನ ಸಾವ್ಕಾರರ ತಾಯಿ ನಾಲ್ಕು ಜನ ಮುತ್ತೈದೆಯರನ್ನು ಕರೆದುಕೊಂಡು ಬಂದರು. ಸರ್ ಬಾಗಿಲಲ್ಲೇ ಕೈ ಜೋಡಿಸಿ ಬೇಡಿಕೊಂಡರು: "ಅವ್ವಾರ, ಮಷೀನಿನ ಮ್ಯಾಲೆ ಮಾತ್ರ ಏನೂ ಹಚ್ಚಬ್ಯಾಡ್ರಿ. ಆರತಿ ದೂರಿಂದ ಮಾಡ್ರಿ."

"ಆತ್ರೀ ಮಾಸ್ತರ. ಮ್ಯಾಲೆ ಹಚ್ಚೂದಿಲ್ಲ."

ಹೆಂಗಸರ ನಡುವೆ ನಿಲ್ಲುವುದು ಸರಿಯಲ್ಲವೆಂದು ನಾವು ಹೊರಗೆ ನಿಂತೆವು. ಒಳಗೆ ಹಾಡು, ಬಳೆಯ ಸದ್ದು. ಅವರು ಹೋದ ಮೇಲೆ ನೋಡಿದೆವು. ಮಾತಿನಂತೆ ಯಂತ್ರದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಸರ್‌ಗೆ ಬಹಳ ಸಮಾಧಾನವಾಯಿತು.

ಅದರ ಮರುದಿನ ದಿಲ್ಲಿಯವರು ಬಂದರು. ಒಬ್ಬ ಹೆಂಗಸು, ನರೆತ ಕೂದಲು, ಭುಜಕ್ಕೆ ನೀರಿನ ಬಾಟಲಿ, ಮಾತು ಕಡಿಮೆ. ಹೇಳದೆಯೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಸಾವ್ಕಾರರು ಹಾರ ಹಿಡಿದು ನಿಂತಿದ್ದರು. ಅವರ ತಾಯಿ ಬಂದವರಿಗೆಂದು ಅವಲಕ್ಕಿ ಮಾಡಿಸಿ ತಂದಿದ್ದರು. "ಹಾರ ಆಮೇಲೆ ಹಾಕಿ, ಮೊದಲು ನಡೆಸಿ ತೋರಿಸಿ" ಎಂದರು ಆಕೆ ಇಂಗ್ಲಿಷಿನಲ್ಲಿ.

ಬರೀ ಅಸಿಟೋನಿನ ನಳಿಕೆ ಇಟ್ಟು ನಾನು ಗುಂಡಿ ತಿರುಗಿಸಿದೆ. ಸೊನ್ನೆ ಬರಲಿಲ್ಲ.

ಇನ್ನೊಮ್ಮೆ ತಿರುಗಿಸಿದೆ. ಬರಲಿಲ್ಲ. ವೋಲ್ಟೇಜ್ ಇರಬೇಕು ಎಂದು ಸರ್ ಸ್ಟೆಬಿಲೈಜರು ನೋಡಿದರು, ಅದು ಸರಿಯಿತ್ತು. ಅಸಿಟೋನ್ ಕೆಟ್ಟಿರಬೇಕು ಎಂದು ನಾನು ಹೊಸ ಬಾಟಲಿಯ ಸೀಲು ಒಡೆದೆ. ಅಂಕಿ ಅಲ್ಲೇ ನಿಂತಿತ್ತು. ಖಾಲಿ ಗಾಜು ಬೆಳಕು ನುಂಗುತ್ತಿತ್ತು. ದಿಲ್ಲಿಯವರು ಪೆನ್ನಿನ ಮುಚ್ಚಳ ತೆಗೆದರು. ಅಷ್ಟು ತಣ್ಣಗಿನ ಕೋಣೆಯಲ್ಲಿ ಸರ್ ಬೆವರುವುದನ್ನು ನಾನು ನೋಡಿದೆ. ಅವರ ಇಷ್ಟು ವರ್ಷದ ಓಡಾಟ ಆ ಪೆನ್ನಿನ ತುದಿಗೆ ಬಂದು ನಿಂತಿತ್ತು. ನನ್ನದೂ.

ಸರ್ ನಳಿಕೆ ಇಡುವ ಗೂಡಿನ ಮುಚ್ಚಳ ಪೂರ್ತಿ ಎತ್ತಿ, ಬ್ಯಾಟರಿ ಹಚ್ಚಿ, ತಲೆ ಬಗ್ಗಿಸಿ ನೋಡಿದರು. ಒಳಗೆಲ್ಲ ಕರಿ ಬಣ್ಣ, ಎಡಬಲಕ್ಕೆ ಬೆಳಕು ಹಾಯುವ ಎರಡು ಸಣ್ಣ ಗಾಜಿನ ಕಿಂಡಿ. ಆ ಎರಡೂ ಕಿಂಡಿಗೆ, ಹೊಸ್ತಿಲಿನ ಎರಡು ಮಗ್ಗುಲಿಗೆ ಹಚ್ಚುವ ಹಾಗೆ, ಒಪ್ಪವಾಗಿ ಅರಿಷಿಣ. ನಡುವೆ ಕುಂಕುಮ. ಮೂಲೆಯಲ್ಲಿ ಒಂದು ಬೆಟ್ಟಡಿಕೆ.

"ಯಾ ಅಲ್ಲಾ" ಎಂದರು ಸರ್, ಬಹಳ ಮೆಲ್ಲಗೆ.

"ಏನದು?" ದಿಲ್ಲಿಯವರು ಕೇಳಿದರು.

ಸಾವ್ಕಾರರು ಛಾವಣಿ ನೋಡಿದರು. ನಾನು ನೆಲ ನೋಡಿದೆ. ಬಾಗಿಲಲ್ಲಿದ್ದ ಸಾವ್ಕಾರರ ತಾಯಿ, ಆ ಅಜ್ಜಿಯೇ ಮುಂದೆ ಬಂದರು. "ನಾನ ಹಚ್ಚೇನಿ. ಮ್ಯಾಲೆ ಹಚ್ಚಬ್ಯಾಡ್ರಿ ಅಂತ ಮಾಸ್ತರ ಅಂದಿದ್ರು. ಮ್ಯಾಲೆ ಹಚ್ಚಿಲ್ಲ ನೋಡ್ರಿ, ಗೂಡಿನ್ಯಾಗ ಹಚ್ಚೇನಿ. ದೇವರು ಕುಂದ್ರೂದು ಗೂಡಿನ್ಯಾಗ ಅಲ್ಲೇನು?"

ಏನಾದರೊಂದು ನೆಪ ಹೇಳಿ ಪಾರಾಗಬಹುದಿತ್ತು. ರವಾನೆಯಲ್ಲಿ ಕೊಳೆ ಸೇರಿದೆ ಎನ್ನಬಹುದಿತ್ತು, ಎಂಜಿನಿಯರನ ಮೇಲೆ ಹಾಕಬಹುದಿತ್ತು, ಅವನು ಊರಲ್ಲೇ ಇರಲಿಲ್ಲ. ನನ್ನ ಬಾಯಲ್ಲಿ ಆ ಮಾತು ತಯಾರೂ ಇತ್ತು. ಸರ್ ಮಾತ್ರ ಅಜ್ಜಿ ಹೇಳಿದ್ದನ್ನು ಒಂದು ಅಕ್ಷರ ಬಿಡದೆ, ಗೂಡು, ದೇವರು, ಹೆಣ್ಣು ನೋಡುವ ಶಾಸ್ತ್ರ ಎಲ್ಲ ಸೇರಿಸಿ, ತಮ್ಮ ಉರ್ದುವಿನಲ್ಲಿ ದಿಲ್ಲಿಯವರಿಗೆ ಹೇಳಿದರು. ಹೇಳಿ, "ಸ್ವಲ್ಪ ಸಮಯ ಕೊಡಿ" ಎಂದರು. ಕಪಾಟಿನಿಂದ ಒಂದು ಪೊಟ್ಟಣ ತೆಗೆದರು. ಅವರ ಅಣ್ಣನ ಅಂಗಡಿಯ ಅರಳೆ. ಗಾಜು ಒರೆಸಲು ಪೇಟೆಯ ಹತ್ತಿಯನ್ನು ಅವರು ನಂಬುತ್ತಿರಲಿಲ್ಲ, ಅದರಲ್ಲಿ ಕಸ ಇರುತ್ತದೆ ಎನ್ನುತ್ತಿದ್ದರು. ಅರಳೆಯನ್ನು ಅಸಿಟೋನಿನಲ್ಲಿ ಅದ್ದಿ ಕಿಂಡಿ ಒರೆಸಿದರು. ಅರಳೆ ಹಳದಿಯಾಯಿತು. ಹೊಸದು ತಗೊಂಡರು, ಹಳದಿಯಾಯಿತು. ಅಜ್ಜಿ ಪಕ್ಕದಲ್ಲೇ ನಿಂತು, "ಚೊಲೋ ಅರಿಷಿಣ ಅದು, ಮನ್ಯಾಗ ಕುಟ್ಟಿದ್ದು, ಲಗೂ ಹೋಗೂದಿಲ್ಲ" ಎಂದು ಧೈರ್ಯ ಹೇಳುತ್ತಿದ್ದರು. ಕೊನೆಗೆ ಅರಳೆ ಬೆಳ್ಳಗೆ ಉಳಿಯಿತು.

ನಾನು ಗುಂಡಿ ತಿರುಗಿಸಿದೆ. ಸೊನ್ನೆ.

ಆಮೇಲೆ ಬ್ಯಾಡಗಿ ಕಾಯಿಯ ನಳಿಕೆ ಇಟ್ಟೆ. ಅಂಕಿ ಏರಿ ಒಂದು ಕಡೆ ನಿಂತಿತು. ಸರ್ ಅದನ್ನು ನೋಡಲೇ ಇಲ್ಲ. "ಇಷ್ಟ ವರ್ಷ ಹುಡುಗರಿಗೆ ಸೊನ್ನಿ ಕೊಟ್ಟೇನಿ" ಎಂದರು ನನ್ನ ಕಿವಿಯಲ್ಲಿ. "ಸೊನ್ನಿ ನೋಡಿ ಖುಷಿ ಆಗಿದ್ದು ಇವತ್ತ ನೋಡಪಾ."

ದಿಲ್ಲಿಯವರು ಬರೆಯುವುದನ್ನು ಬರೆದು ಮುಗಿಸಿದರು. ಹಳದಿ ಅರಳೆಯ ಒಂದು ಉಂಡೆಯನ್ನು ಎತ್ತಿ ಮೂಸಿದರು. "ನಾನು ಹೋದ ಎಷ್ಟೋ ಕಡೆ ಪೆಟ್ಟಿಗೆಯನ್ನೇ ಬಿಚ್ಚಿರಲಿಲ್ಲ" ಎಂದರು. "ಇಲ್ಲಿ ಒಳಗೆ ಕೈ ಹಾಕುವವರಾದರೂ ಇದ್ದಾರೆ. ಯಂತ್ರ ಇಲ್ಲೇ ಇರಲಿ. ಆ ಮುಚ್ಚಳಕ್ಕೊಂದು ಬೀಗ ಹಾಕಿಸಿ." ಆಮೇಲೆ ಕೂತು ಅವಲಕ್ಕಿ ತಿಂದರು, ಎರಡು ಸಲ ಹಾಕಿಸಿಕೊಂಡರು. ಹುಡುಗಿ ಪಾಸಾದಳೋ ಇಲ್ಲವೋ ಎಂದು ಅಜ್ಜಿ ಕೇಳಿದ್ದನ್ನು ಸರ್ ಅನುವಾದ ಮಾಡಲಿಲ್ಲ.

ಮುಂದಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಯಂತ್ರ ಕೆಲವು ವರ್ಷ ಚೆನ್ನಾಗಿ ಓಡಿತು. ಕಾಯಿ ಎಲ್ಲಿ, ಹೇಗೆ ಒಣಗಿದರೆ ಕೆಂಪು ಉಳಿಯುತ್ತದೆ ಎನ್ನುವ ಅಂಕಿಗಳನ್ನು ಸರ್ ಪೇಟೆಯವರ ಮುಂದೆ ಇಟ್ಟರು. ಕೆಲವರು ಕೇಳಿದರು, ಹೆಚ್ಚಿನವರು ಅಂಗೈಯನ್ನೇ ನಂಬಿದರು. ನನಗೆ ಪಿಎಚ್.ಡಿ. ಸಿಕ್ಕಿತು. ಸರ್ ನಿವೃತ್ತರಾದರು. ಅವರು ಕಾಲೇಜು ಬಿಟ್ಟ ಮೇಲೆ ಒಂದು ದಿನ ಯಂತ್ರದ ದೀಪ ಸುಟ್ಟುಹೋಯಿತು. ಹೊಸ ದೀಪಕ್ಕೆ ಅನುದಾನ ಕೇಳಿದೆ. ಯಂತ್ರಕ್ಕೆ ಹಣ ಕೊಡುತ್ತೇವೆ, ದೀಪಕ್ಕೆ ಕೊಡುವ ಪದ್ಧತಿ ಇಲ್ಲ ಎಂದರು. ಒಮ್ಮೆ ನಾವೇ ಹಣ ಕೂಡಿಸಿ ತರಿಸಿದೆವು. ಎರಡನೆಯ ಸಲ ಆ ಮಾದರಿಯ ದೀಪವನ್ನೇ ಕಂಪನಿ ನಿಲ್ಲಿಸಿತ್ತು. ಯಂತ್ರ ಗುಜರಿಗೆ ಹೋಯಿತು. ಕೋಣೆ ಈಗ ಪ್ರಾಚಾರ್ಯರದು. ಮಂತ್ರಿಗಳು ಕೊನೆಗೂ ಬರಲಿಲ್ಲ. ನಾಲ್ಕು ಜನ ಮುತ್ತೈದೆಯರು ಆರತಿ ಮಾಡಿದ ಆ ಹೆಣ್ಣಿಗೆ ಲಗ್ನ ಆಗಲೇ ಇಲ್ಲ.

ನದಾಫ್ ಸರ್ ತೀರಿಹೋದ ಸುದ್ದಿ ನನಗೆ ತಡವಾಗಿ ಗೊತ್ತಾಯಿತು. ಮಣ್ಣಿಗೆ ಹೋಗಲಾಗಲಿಲ್ಲ.

ಇಷ್ಟನ್ನೂ ನಾನು ಹಾವೇರಿಯ ಆ ಗಾಜಿನ ಬಾಗಿಲಲ್ಲಿ, ಚಪ್ಪಲಿ ಮತ್ತೆ ಹಾಕಿಕೊಂಡು ನಿಂತು ನೆನೆಸಿಕೊಂಡೆ ಎಂದರೆ ನೀವು ನಂಬಬೇಕಿಲ್ಲ. ನೆನಪಾದದ್ದು ಒಂದು ಚೂರು, ಉಳಿದದ್ದು ಮನೆಗೆ ಬಂದ ಮೇಲೆ. ಅಲ್ಲಿ ನಾನು ನೋಡಿದ್ದು ಮೇಜಿನ ಮೇಲಿದ್ದ ಯಂತ್ರ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ನನ್ನ ರಕ್ತಕ್ಕೆ ಏನೋ ಸೇರಿಸಿ ಬಣ್ಣ ಬರಿಸಿ, ಆ ಬಣ್ಣದ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ನುಂಗಿತು ಎಂದು ಕೇಳುವ ಯಂತ್ರ. ಅದೇ ಕೆಲಸ. ಕಾಯಿಯ ಕೆಂಪಿನ ಜಾಗದಲ್ಲಿ ನನ್ನ ಸಕ್ಕರೆ.

"ಬ್ಲ್ಯಾಂಕ್ ಇಟ್ಟು ನೋಡಿದೇನವ್ವಾ?" ಎಂದೆ.

ಹುಡುಗಿ ತಿರುಗಿ ನೋಡಿದಳು. ಚಪ್ಪಲಿ ಬಿಟ್ಟು ನಿಂತಿದ್ದ ಮುದುಕ ಕೇಳುವ ಪ್ರಶ್ನೆ ಇದಲ್ಲ ಎಂದು ಅವಳಿಗೆ ಅನಿಸಿರಬೇಕು. "ಮುಂಜಾನೆ ಬಂದ ಕೂಡಲೆ ಅದ ಮೊದಲ್ರಿ. ಸೊನ್ನಿ ಬರ್ಲಿಲ್ಲಂದ್ರ ನಾ ಯಾರ ರಕ್ತಾನೂ ಹಾಕೂದಿಲ್ರಿ" ಎಂದಳು. "ನೀವು ಸಾಯನ್ಸ ಮಾಸ್ತರೇನ್ರಿ?"

"ಹೌದು. ಯಾವೂರು ನಿಂದು?"

"ದೇವರಗುಡ್ಡರಿ. ಬಿ.ಎಸ್ಸಿ. ಮಾಡೇನ್ರಿ. ನಮ್ಮ ಮನ್ಯಾಗ ನಾನ ಮೊದಲ್ರಿ." ಹೇಳುವಾಗ ಅವಳ ಎದೆಯೂ ಸ್ವಲ್ಪ ಮುಂದೆ ಬಂತು.

ಅಂಕಿ ಹೇಳಿದಳು. ಸಕ್ಕರೆ ಹೆಚ್ಚೇ ಇತ್ತು. ಬ್ಲ್ಯಾಂಕ್ ನೋಡಿ ಹಾಕಿದ ಲೆಕ್ಕ, ನಂಬಲೇಬೇಕು. ಹೊರಡಲು ತಿರುಗಿದಾಗ ಬಾಗಿಲ ಸಂದಿಯಲ್ಲಿ, ಗೋಡೆಗೆ ಒತ್ತಿ, ಯಾರ ಕಾಲಿಗೂ ಸಿಗದ ಹಾಗೆ ಇಟ್ಟ ಒಂದು ಜೊತೆ ಹೆಣ್ಣುಮಕ್ಕಳ ಚಪ್ಪಲಿ ಕಂಡವು. ತಿರುಗಿ ಅವಳ ಕಾಲು ನೋಡಿದೆ. ಆ ತಣ್ಣನೆಯ ನೆಲದ ಮೇಲೆ ಅವಳು ಬರಿಗಾಲಲ್ಲಿ ನಿಂತಿದ್ದಳು.